ತಿನ್ನದ ಮೀನು

"ಬಲಿ ಕತ್ತರಸಲೇ, ಮೀನ ಜಗ್ಗಬ್ಯಾಡ!" ಎಂದು ಪಕ್ಕೀರವ್ವ ತೆಪ್ಪದಲ್ಲಿ ಕೂತಲ್ಲಿಂದಲೇ ಕೂಗಿದಳು.

ದುರಗೇಶ ಮೊಳಕಾಲುದ್ದ ನೀರಿನಲ್ಲಿ ಕತ್ತರಿ ಹಿಡಿದು ನಿಂತಿದ್ದ. ಬಲೆಗೆ ಸಿಕ್ಕಿದ್ದ ಮೀನು ಅವನ ಮೊಳಕೈ ಉದ್ದವಿತ್ತು. ಕಪ್ಪು ಮೈ, ಮೈತುಂಬ ಚುಕ್ಕೆ. ಹುರುಪೆಯ ಬದಲು ಹಂಚು ಹೊದಿಸಿದಂಥ ಚಿಪ್ಪು. ಬಾಯಿ ಇರಬೇಕಾದಲ್ಲಿ ಇರದೆ ತಲೆಯ ಅಡಿಗೆ ಅಂಟಿಕೊಂಡಿತ್ತು. ಎರಡೂ ಪಕ್ಕದ ಮುಳ್ಳುಗಳನ್ನು ಬಿಚ್ಚಿ ಅದು ಬಲೆಗೆ ಒಳಗಿನಿಂದ ಕೀಲಿ ಹಾಕಿಕೊಂಡಂತಿತ್ತು. ಬಿಡಿಸಿಕೊಳ್ಳುವ ಅವಸರವೆಲ್ಲ ಹಿಡಿದವನಿಗೇ ಇತ್ತು. ಮೀನಿಗೇನೂ ಇದ್ದಂತೆ ಕಾಣಲಿಲ್ಲ.

"ಆಯಿ, ಇವತ್ತಿಗೆ ಇದು ಹನ್ನೊಂದನೇ ತೂತು. ನಾಳಿಗೆ ಬಲಿ ಹೋಗಿ ಬರೇ ತೂತ ಉಳಿತಾವ ನೋಡು."

"ತೂತ ಹೊಲಕೋಬಹುದು. ಜೀವ ಹೊಲಿತಿಯೇನು ನೀ? ಬಿಡು ನೀರಿಗೆ."

ದುರಗೇಶ ಕತ್ತರಿಸಿದ. ಮೀನು ಒಂದು ಗಳಿಗೆ ಅವನ ಕಾಲ ಬಳಿಯೇ ಕೂತಿತ್ತು, ಆಮೇಲೆ ಬಾಡಿಗೆ ಮನೆಗೆ ಹಿಂತಿರುಗುವವರಂತೆ ನಿಧಾನಕ್ಕೆ ಕೆಸರಿನೊಳಗೆ ಹೋಯಿತು.

ಏರಿಯ ಮೇಲೆ ಜಾಲಿಗಿಡದ ನೆರಳಿನಲ್ಲಿ ನಿಂತು ಇದನ್ನು ನೋಡುತ್ತಿದ್ದವನು ಪಂಪಾಪತಿ, ಕರ್ಕಿಹಾಳ ಮೀನುಗಾರರ ಸಹಕಾರ ಸಂಘದ ಕಾರ್ಯದರ್ಶಿ. ಹನ್ನೆರಡು ವರ್ಷದಿಂದ ಕಾರ್ಯದರ್ಶಿ. ಅಷ್ಟೇ ವರ್ಷದಿಂದ ನೀರಿಗಿಳಿದಿರಲಿಲ್ಲ. ಸಂಘದಲ್ಲಿ ನಡೆಯುವ ಜಗಳಗಳನ್ನೆಲ್ಲ ಅವನು ಸಭೆಯ ಪುಸ್ತಕದಲ್ಲಿ 'ದೀರ್ಘ ಚರ್ಚೆಯ ನಂತರ ಸರ್ವಾನುಮತದಿಂದ' ಎಂಬ ನಾಲ್ಕು ಮಾತಿನಲ್ಲಿ ಮುಗಿಸುತ್ತಿದ್ದ. ಹಿರಿಯ ಸದಸ್ಯ ಹೇಮಪ್ಪನ ಎರಡು ಹಲ್ಲು ಬಿದ್ದ ಸಭೆಗೂ ಅವೇ ನಾಲ್ಕು ಮಾತು.

ಪಕ್ಕೀರವ್ವ ಅವನ ತಾಯಿಯ ಅಕ್ಕ. ಎಪ್ಪತ್ತರ ಹತ್ತಿರದ ವಯಸ್ಸು, ಒಣಗಿದ ಬಾರುಕೋಲಿನಂಥ ಮೈ. ವರ್ಷದ ಮೊದಲ ಬಲೆ ಅವಳ ಕೈಯಿಂದಲೇ ನೀರಿಗೆ ಬೀಳಬೇಕು. ಅವಳು ಬೇಡವೆಂದ ಕೆಲಸಕ್ಕೆ ಸಂಘದ ನಲವತ್ತು ಮನೆಗಳಲ್ಲಿ ಒಂದು ಕೈಯೂ ಏಳುತ್ತಿರಲಿಲ್ಲ. ಅವಳು ಕಾಯುತ್ತಿದ್ದ ನಿಯಮ ಯಾವ ಪುಸ್ತಕದಲ್ಲೂ ಇಲ್ಲದ್ದು: ತಿನ್ನುವುದನ್ನಷ್ಟೇ ಕೊಲ್ಲಬೇಕು. ಬಲೆಗೆ ನೀರಹಾವು ಬಂದರೆ ಬಿಡು, ಆಮೆ ಬಂದರೆ ಬಿಡು, ಬೆರಳುದ್ದದ ಮರಿ ಬಂದರೆ ಬಿಡು. ತಿನ್ನದ್ದನ್ನು ಕೊಂದವನ ಕೈಗೆ ಮತ್ತೆ ಮೀನು ಹತ್ತುವುದಿಲ್ಲ. ಇದು ನಿಜವೋ ಸುಳ್ಳೋ ಯಾರೂ ಪರೀಕ್ಷೆ ಮಾಡಿ ನೋಡಿರಲಿಲ್ಲ. ಅಂಥ ಧೈರ್ಯವಿದ್ದವರೆಲ್ಲ ಗಿಣಿಗೇರಾದ ಕಡೆ ಕಾರ್ಖಾನೆ ಕೆಲಸಕ್ಕೆ ಹೋಗಿಬಿಟ್ಟಿದ್ದರು.

ಈ ಚಿಪ್ಪಿನ ಮೀನನ್ನು ತಿನ್ನುವವರಿಲ್ಲ, ಕೊಳ್ಳುವವರಿಲ್ಲ. ಆದ್ದರಿಂದ ಎಂಟು ವರ್ಷದಿಂದ, ಬಲೆಗೆ ಬಂದ ಪ್ರತಿಯೊಂದನ್ನೂ ಜೋಪಾನವಾಗಿ ಬಿಡಿಸಿ ಮತ್ತೆ ಕೆರೆಗೇ ಬಿಟ್ಟಿದ್ದರು. ರೋಹು, ಕಟ್ಲಾಗಳನ್ನು ಹಿಡಿದು ತಿಂದು ಮಾರಿ ಖಾಲಿ ಮಾಡುತ್ತ, ಇದೊಂದನ್ನು ಮಾತ್ರ ಸಾಕಿದ ಹಾಗಾಗಿತ್ತು. ಮೀನುಗಾರಿಕೆ ಇಲಾಖೆಯ ಭಿತ್ತಿಪತ್ರದಲ್ಲಿ ಇದಕ್ಕೆ ಒಂದೂವರೆ ಸಾಲಿನ ಹೆಸರಿತ್ತು. ಊರಿನಲ್ಲಿ ನಿಂತದ್ದು ದುರಗೇಶ ಇಟ್ಟ ಹೆಸರು: ಜೇಸಿಬಿ. ಮೊಟ್ಟೆ ಇಡಲು ಅದು ಕೆರೆಯ ಏರಿಗೇ ಮೊಳದುದ್ದದ ಬಿಲ ಕೊರೆಯುತ್ತಿತ್ತು. ಈಗ ಬೇಸಿಗೆಯಲ್ಲಿ ನೀರಿಳಿದಾಗ ಏರಿಯ ಒಳಮೈ ಪಾರಿವಾಳದ ಗೂಡಿನಂತೆ ಕಾಣುತ್ತಿತ್ತು.

ಮೀನು ಕೆರೆಗೆ ಬಂದದ್ದು ಹೇಗೆಂಬುದರ ಬಗ್ಗೆ ಊರಿನಲ್ಲಿ ಮೂರು ಅಭಿಪ್ರಾಯಗಳಿದ್ದವು. ಕಾಲುವೆಯ ನೀರಿನಲ್ಲಿ ಬಂತು ಎಂದು ಹೆಚ್ಚಿನವರು. ಆಂಧ್ರದಿಂದ ಮರಿ ತಂದ ಲಾರಿಯಲ್ಲಿ ಬಂತು ಎಂದು ಹೇಮಪ್ಪ. ನೀರಿನ ದೇವಿ ಗಂಗವ್ವ ಕಳಿಸಿದಳು ಎಂದು ಒಂದಿಬ್ಬರು ಮುದುಕಿಯರು. ನಾಲ್ಕನೆಯ ಅಭಿಪ್ರಾಯ ಪಂಪಾಪತಿಯದು. ಅದು ಅಭಿಪ್ರಾಯವಾಗಿರಲಿಲ್ಲ, ನೆನಪಾಗಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಮಗಳು ರೂಪಾ ಎಂಟನೇ ಇಯತ್ತೆಯಲ್ಲಿದ್ದಾಗ ಗಾಜಿನ ಪೆಟ್ಟಿಗೆ ಬೇಕೆಂದು ಹಟ ಹಿಡಿದಿದ್ದಳು. ಮೀನುಗಾರರ ಮನೆಯಲ್ಲಿ ನೋಡುವುದಕ್ಕೆಂದು ಮೀನು ಸಾಕುವುದು ನೆರೆಹೊರೆಯವರಿಗೆ ತಿಂಗಳೊಪ್ಪತ್ತು ನಗುವಿಗೆ ವಸ್ತುವಾಯಿತು. ಗಂಗಾವತಿಯ ಅಂಗಡಿಯವನು ಕೆಂಪು ಮೀನು ನಾಲ್ಕರ ಜೊತೆ ಬೆರಳುದ್ದದ ಎರಡು ಕಪ್ಪು ಮೀನು ಕೊಟ್ಟು, "ಇವು ಗಾಜು ನೆಕ್ಕಿ ಸಾಫ್ ಇಡ್ತಾವ್ರಿ, ನಿಮ್ಗ ತ್ರಾಸಿಲ್ಲ" ಎಂದಿದ್ದ. ಕೆಂಪು ಮೀನು ಒಂದು ತಿಂಗಳೂ ಬಾಳಲಿಲ್ಲ. ಕಪ್ಪು ಮೀನು ಬಾಳಿದವು, ಬೆಳೆದವು, ಪೆಟ್ಟಿಗೆಯಲ್ಲಿ ತಿರುಗಲು ಜಾಗ ಸಾಲದಷ್ಟು ಬೆಳೆದವು. ಮಗಳು ಕೊಪ್ಪಳದ ಹಾಸ್ಟೆಲಿಗೆ ಹೋದ ಮೇಲೆ ಹೆಂಡತಿ ಯಂಕವ್ವ, "ಈ ಪೆಟಗಿ ತಗದು ಜ್ವಾಳದ ಚೀಲ ಇಡಾಕ ಜಾಗ ಮಾಡ್ರಿ" ಎಂದಳು. ಪಂಪಾಪತಿ ಆ ಎರಡನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹಾಕಿಕೊಂಡು ಹೋಗಿ ಕೆರೆಗೆ ಬಿಟ್ಟು ಬಂದ. ತಿನ್ನುವ ಮೀನಲ್ಲ, ಕೊಲ್ಲುವಂತಿಲ್ಲ. ಆ ದಿನ ಮನೆಗೆ ಬಂದು ಒಂದು ಪುಣ್ಯದ ಕೆಲಸ ಮಾಡಿದವನಂತೆ ಎರಡು ರೊಟ್ಟಿ ಹೆಚ್ಚೇ ತಿಂದಿದ್ದ.

*

ಮರುದಿನ ಸಂಘದ ಕೋಣೆಯಲ್ಲಿ ಸಭೆ. ಇಲಾಖೆಯಿಂದ ನೇತ್ರಾವತಿ ಬಂದಿದ್ದಳು. ಕುಷ್ಟಗಿ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ಮೂರು ವರ್ಷ, ಸ್ಕೂಟರಿನ ಮೇಲೆ ಐದು ಕೆರೆ ನೋಡಿಕೊಳ್ಳುವವಳು. ಬೆಳಿಗ್ಗೆ ಒಂದು ಸುತ್ತು ಬಲೆ ಎಳೆಸಿ ಬಂದದ್ದನ್ನು ಎಣಿಸಿದ್ದಳು.

"ರೋಹು ಮೂರು. ಗೆಂಡಿ ಒಂದು. ಜೇಸಿಬಿ ಅರವತ್ತೊಂದು" ಎಂದಳು. ಇಲಾಖೆಯ ಹೆಸರನ್ನು ಅವಳೂ ಕೈಬಿಟ್ಟಿದ್ದಳು. "ನಾ ಇದರ ಮ್ಯಾಲ ಭಾಷಣ ಮಾಡೂದಿಲ್ಲ. ನೀವs ನೋಡ್ರಿ. ಹೋದ ವರ್ಷ ಒಂದೂವರಿ ಲಕ್ಷ ಮರಿ ಬಿಟ್ಟೀವಿ. ಎಲ್ಲಿ ಹೋದುವು?"

"ಹಕ್ಕಿ ತಿಂದುವರಿ" ಎಂದ ಹೇಮಪ್ಪ.

"ಅಷ್ಟು ತಿಂದಿದ್ರ ಹಕ್ಕಿ ಹಾರತಿದ್ದಿಲ್ಲ ಬಿಡ್ರಿ, ನಡಕೊಂತ ಹೋಗತಿದ್ದುವು."

ನಕ್ಕರು. ಅವಳು ನಗಲಿಲ್ಲ. ಕೆರೆಯಲ್ಲಿ ಈಗ ತೂಬಿನ ಹತ್ತಿರ ಎರಡೆಕರೆ ನೀರು ಮಾತ್ರ ಉಳಿದಿದೆ. ಹಿಡಿದು ಮುಗಿಸುವುದಾದರೆ ಈಗಲೇ. ಮುಂದಿನ ತಿಂಗಳು ಕಾಲುವೆ ನೀರು ಬಂದರೆ ಕೆರೆ ತುಂಬಿ ಕೋಡಿ ಬೀಳುತ್ತದೆ. ಕೋಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಹೊಳೆಗೆ ಹೋದ ಮೇಲೆ ಅದನ್ನು ಹಿಡಿಯುವವರು ಹುಟ್ಟಿಲ್ಲ. ಹದಿನೆಂಟನೇ ತಾರೀಖಿಗೆ ಮರಿ ಹಂಚುತ್ತಾರೆ. ಅಷ್ಟರೊಳಗೆ ಕೆರೆ ಸ್ವಚ್ಛವಾಗಿದೆಯೆಂದು ಅವಳು ಬರೆದುಕೊಟ್ಟರೆ ಕರ್ಕಿಹಾಳಕ್ಕೆ ಮರಿ, ಇಲ್ಲದಿದ್ದರೆ ಬೇವೂರಿನ ಕಡೆಯ ಕೆರೆಗೆ.

"ಹಿಡದು ಏನ ಮಾಡೂದವ್ವ?" ಎಂದು ಪಕ್ಕೀರವ್ವ ಕೇಳಿದಳು. ಎಲ್ಲರಿಗೂ ಗೊತ್ತಿದ್ದ ಉತ್ತರವನ್ನು ಬಾಯಿಂದ ಹೇಳಿಸುವುದು ಅವಳ ಪದ್ಧತಿ.

"ತಲಿಗೆ ಒಂದು ಪೆಟ್ಟು ಹಾಕೂದು, ಕುಣಿ ತೋಡಿ ಸುಣ್ಣ ಹಾಕಿ ಹುಗಿಯೂದು."

"ತಿನ್ನಾಕ?"

"ತಿನ್ನಾಕ ಯಾರ ಹುಗಿತಾರ, ಯವ್ವಾ?"

"ಹಂಗಾರ ಆಗೂದಿಲ್ಲ."

ಕೋಣೆಯಲ್ಲಿದ್ದ ಮೂವತ್ತು ಜನ ನೆಲ ನೋಡಿದರು. ದುರಗೇಶ ಮಾತ್ರ ಬಾಗಿಲಿಗೆ ಒರಗಿ, "ಮರಿ ಬರಲಿಲ್ಲಂದ್ರ ನಾನಂತೂ ಕಾರ್ಖಾನಿಗೆ ಹೋಗಾಂವ. ಹೆಲ್ಮೆಟ್ ಪುಕ್ಕಟ ಕೊಡ್ತಾರಂತ" ಎಂದ.

"ಹೋಗು. ತಲಿ ಇದ್ದವರಿಗಷ್ಟs ಕೊಡ್ತಾರ ಅದನ್ನ" ಎಂದಳು ಪಕ್ಕೀರವ್ವ.

ನೇತ್ರಾವತಿ ಪೆನ್ನಿನ ಮುಚ್ಚಳ ಹಾಕಿದಳು. "ನಿಮ್ಮ ನೇಮಕ್ಕ ನಾ ಹೆಸರಿಡೂದಿಲ್ಲ. ಆದ್ರ ಇದು ಈ ಕೆರಿ ಮೀನಲ್ಲ, ಈ ದೇಶದ್ದs ಅಲ್ಲ. ಗಾಜಿನ ಪೆಟಗ್ಯಾಗ ಸಾಕೂ ಮೀನು. ಎಲ್ಲ್ಯಾದ್ರೂ ಹಿಂಗs ಆಕ್ಕೈತಿ. ಯಾರರ ಒಬ್ರು ಸಾಕ್ತಾರ, ಬ್ಯಾಸರಾದ ಮ್ಯಾಲ ಕೆರಿಗೆ ಬಿಡ್ತಾರ."

ಪಂಪಾಪತಿ ಚಹದ ಬಟ್ಟಲನ್ನು ಬಾಯಿಗಿಟ್ಟುಕೊಂಡ. ಅದು ಖಾಲಿಯಾಗಿ ಹತ್ತು ನಿಮಿಷವಾಗಿತ್ತು.

"ಯಾರ ಬಿಟ್ರೋ ಗೊತ್ತಿಲ್ಲ" ಎಂದಳು ಪಕ್ಕೀರವ್ವ. ಅವಳ ದನಿ ಇಳಿದಿತ್ತು. "ಮೊದಲನೇದು ನನ್ನ ಬಲ್ಯಾಗ ಬಂತು. ಈ ದುರಗೇಶನ ಅಪ್ಪ ಕಲ್ಲಿಲೆ ಜಜ್ಜಾಕ ಹೋದ. ನಾನs ಕೈ ಹಿಡದೆ. ಪರದೇಶಿ ಜೀವ, ಹೊಸಾದು ಬಂದೈತಿ, ಹೊಡಿಬ್ಯಾಡ ಅಂದೆ. ಅರಿಷಿಣ ಹಚ್ಚಿ ಬಿಟ್ಟೆ. ಅವತ್ತ ಜಜ್ಜಿದ್ರ ಇವತ್ತ ಈ ಹುಡುಗ್ರು ಹೆಲ್ಮೆಟ್ ಹಾಕ್ಕೊಳ್ಳೂ ಮಾತು ಆಡತಿದ್ದಿಲ್ಲ. ತಪ್ಪು ನಂದೈತಿ. ಅದಕ್ಕ ಇನ್ನೊಂದು ತಪ್ಪು ಕೂಡಸು ಅಂತೀರಿ."

ಪಂಪಾಪತಿಗೆ ಆಗಲೇ ಹೇಳಬಹುದಿತ್ತು. ಮಾತು ಗಂಟಲವರೆಗೆ ಬಂದಿತ್ತು ಕೂಡ. ಆದರೆ ಹನ್ನೆರಡು ವರ್ಷದ ಅಭ್ಯಾಸ. ಗಂಟಲಿಗೆ ಬಂದ ಮಾತು ಕೈಗಿಳಿದು ನಿರ್ಣಯವಾಯಿತು. ಅವನು ಪುಸ್ತಕ ತೆರೆದು ಬರೆದು, ಗಟ್ಟಿಯಾಗಿ ಓದಿದ: "ಸದರಿ ಮೀನುಗಳನ್ನು ಕೊಲ್ಲದೆ, ಹಿಡಿದು ಏರಿಯ ಮೇಲೆ ಇರಿಸಿ, ಅವು ತಾವಾಗಿಯೇ ತೀರಿಕೊಳ್ಳಲು ಅನುವು ಮಾಡಿಕೊಡತಕ್ಕದ್ದು ಎಂದು ದೀರ್ಘ ಚರ್ಚೆಯ ನಂತರ ಸರ್ವಾನುಮತದಿಂದ."

"ತಾವs ಸತ್ರ ನಮ್ಮ ಕೈಯಾಗೇನೈತಿ?" ಎಂದಳು ಪಕ್ಕೀರವ್ವ. ಅದು ಒಪ್ಪಿಗೆ.

*

ಎರಡು ದಿನ ಬಿಟ್ಟು, ನಸುಕಿನಲ್ಲೇ ಎಳೆಬಲೆ ಹಾಕಿದರು. ನಲವತ್ತು ಮನೆಯವರೂ ಬಂದಿದ್ದರು. ಮೂರು ಎಳೆತಕ್ಕೆ ನಾನೂರು ಚಿಪ್ಪಿನ ಮೀನು ಬಂದವು. ಹೆಂಗಸರು ಬುಟ್ಟಿಯಲ್ಲಿ ಹೊತ್ತು ತಂದು ಏರಿಯ ಮೇಲೆ ಸಾಲಾಗಿ ಸುರಿದರು. ಹತ್ತು ಗಂಟೆಯ ಹೊತ್ತಿಗೆ ಬಿಸಿಲು ಕಾದ ಹಂಚಾಗಿತ್ತು. ಎಲ್ಲರೂ ಮನೆಗೆ ಹೋದರು. ಸಾಯುವುದನ್ನು ನಿಂತು ನೋಡುವುದೂ ಒಂದು ಬಗೆಯಲ್ಲಿ ಕೊಂದಂತೆಯೇ ಎಂದು ಪಕ್ಕೀರವ್ವ ಹೇಳಿದ್ದಳು.

ಸಂಜೆ ಐದಕ್ಕೆ ನೇತ್ರಾವತಿಯ ಸ್ಕೂಟರು ಏರಿ ಹತ್ತಿತು. ಅವಳ ಹಿಂದೆ ಪಂಪಾಪತಿ ತನ್ನ ಬೈಕಿನಲ್ಲಿ ಬಂದ. ಕುಣಿ ತೋಡಲು ಹೇಮಪ್ಪ, ದುರಗೇಶ ಸಲಿಕೆ ಹಿಡಿದು ಮೊದಲೇ ಬಂದಿದ್ದರು. ಆದರೆ ಇಬ್ಬರೂ ತೋಡುತ್ತಿರಲಿಲ್ಲ.

ಮೀನಿನ ಸಾಲಿನುದ್ದಕ್ಕೂ ಗೋಣಿಚೀಲ ಹೊದಿಸಿತ್ತು. ಒದ್ದೆ ಗೋಣಿಚೀಲ. ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನೇತ್ರಾವತಿ ಒಂದರ ತುದಿ ಎತ್ತಿದಳು. ಕೆಳಗಿದ್ದ ಮೀನುಗಳು ಬೆಳಿಗ್ಗೆ ಇದ್ದಷ್ಟೇ ಆರೋಗ್ಯವಾಗಿದ್ದವು. ಒಂದು ಅವಳ ಚಪ್ಪಲಿಯ ಮೇಲೆ ಹತ್ತಲು ನೋಡಿತು.

"ಇದನ್ನ ಯಾರು ಹೊಚ್ಚಿದ್ರಿ?"

ಹೇಮಪ್ಪ ಅವಳನ್ನು ತಿಳಿಯದ ಹುಡುಗಿಯನ್ನು ನೋಡಿದಂತೆ ನೋಡಿದ. "ಹೊಚ್ಚಲಿಲ್ಲಂದ್ರ ಬಿಸಿಲಿಗೆ ಮೀನ ಕೆಡ್ತಾವಲ್ರಿ."

"ಕೆಡಲಿ ಅಂತs ಅಲ್ಲೇನ್ರಿ ಇಟ್ಟಿದ್ದು?"

ಹಿಡಿದ ಮೀನಿಗೆ ಒದ್ದೆ ಗೋಣಿ ಹೊದಿಸುವುದು ಹೇಮಪ್ಪನ ಕೈ ಐವತ್ತು ವರ್ಷದಿಂದ ಅವನನ್ನು ಕೇಳದೆ ಮಾಡುತ್ತಿದ್ದ ಕೆಲಸ. ವಿಚಾರಿಸಿದರೆ ತಿಳಿಯಿತು: ಗೋಣಿ ತಂದವನು ಅವನು, ಹನ್ನೆರಡಕ್ಕೆ ಒಮ್ಮೆ ನೀರು ಚಿಮುಕಿಸಿ ಹೋದವಳು ಯಂಕವ್ವ, ಮೂರಕ್ಕೆ ಮತ್ತೊಮ್ಮೆ ಚಿಮುಕಿಸಿದವನು, ಕಾರ್ಖಾನೆಗೆ ಹೋಗುವ ದುರಗೇಶ.

"ಒಣಗಿದ್ದುವರಿ" ಎಂದ ದುರಗೇಶ, ತನ್ನ ಕೈಯನ್ನೇ ಅನುಮಾನದಿಂದ ನೋಡುತ್ತ.

ನೇತ್ರಾವತಿ ಸ್ಕೂಟರಿನ ಸೀಟು ಹಿಡಿದುಕೊಂಡು ನಗತೊಡಗಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಆಮೇಲೆ ಏರಿಯ ಒಳಮೈಯತ್ತ ಕೈ ಮಾಡಿದಳು. ಗೋಣಿಯ ಕೆಳಗಿನಿಂದ ಹೊರಟ ಕೆಸರಿನ ಗೆರೆಗಳು ಇಳಿಜಾರಿನಲ್ಲಿ ನೇರ ನೀರಿಗೆ ಹೋಗಿದ್ದವು. ನಾನೂರರಲ್ಲಿ ಸುಮಾರು ನೂರು ಮನೆಗೆ ನಡೆದುಹೋಗಿದ್ದವು. ಉಳಿದವೂ ಅದೇ ದಾರಿ ಹಿಡಿಯುತ್ತಿದ್ದವು.

"ಈ ಮೀನ ಗೋಣಿ ಇಲ್ದs ಒಂದಿನ ಪೂರಾ ಬದುಕತೈತ್ರಿ. ನೀವು ಗೋಣಿ ಹೊಚ್ಚಿ, ನೀರು ಚಿಮುಕಿಸಿ, ಬಾಣಂತನ ಮಾಡೀರಿ" ಎಂದಳು. ನಗು ಈಗ ಹೋಗಿತ್ತು. "ಪಂಪಾಪತಿಯವರs, ನಾಡಿದ್ದು ಹದಿನೇಳು. ನಾ ಮಧ್ಯಾಹ್ನ ಬರ್ತೀನಿ. ಅಷ್ಟ್ರಾಗ ಕೆಲಸ ಚಾಲೂ ಆಗಿತ್ತಂದ್ರ ಬರದ ಕೊಡ್ತೀನಿ. ಇಲ್ಲಂದ್ರ ನನ್ನ ಕೈಯಾಗೂ ಏನಿಲ್ಲ."

ಅವತ್ತು ಪಂಪಾಪತಿ ದೊಡ್ಡವ್ವನ ಮನೆಗೆ ಹೋಗಿ ಕಟ್ಟೆಯ ಮೇಲೆ ಕೂತ. ಹೇಳಬೇಕೆಂದೇ ಹೋಗಿದ್ದ. ಪಕ್ಕೀರವ್ವ ಹರಿದ ಬಲೆಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಹೊಲಿಯುತ್ತಿದ್ದಳು. ಗೋಣಿಯ ಸುದ್ದಿ ಅವನಿಗಿಂತ ಮೊದಲೇ ಅಲ್ಲಿ ತಲುಪಿತ್ತು.

"ತಿಂದ್ರ ಕೊಲ್ಲಬಹುದು" ಎಂದಳು ಅವಳು, ತಲೆ ಎತ್ತದೆ.

"ಏನಂದಿ?"

"ನಾ ಎರಡು ದಿನದಿಂದ ಅದನ್ನs ತಿರಿವಿ ಹಾಕಾಕತ್ತೀನಿ. ತಿನ್ನದ್ದನ್ನ ಕೊಲ್ಲಬಾರ್ದು. ಖರೆ. ತಿನ್ನೂದಿಲ್ಲ ಅಂತ ಯಾರು ಹೇಳಿದ್ರು? ನಾವs. ತಿಂದು ನೋಡಿಯೇನು ನೀ? ನಾಳೆ ಬಿಟ್ಟು ನಾಡಿದ್ದು ಏರಿ ಮ್ಯಾಲ ಒಲಿ ಹೂಡ್ರಿ. ಎಲ್ಲಾರೂ ಒಂದೊಂದು ತುತ್ತು ತಿನ್ರಿ. ಅಲ್ಲಿಗೆ ಅದು ತಿನ್ನೂ ಮೀನಾತು. ಆಮ್ಯಾಲ ಎಷ್ಟ ಕೊಂದ್ರೂ ಪಾಪ ಕೈಗೆ ಹತ್ತೂದಿಲ್ಲ."

ಇದು ಮೋಸವಲ್ಲವೇ ಎಂದು ಪಂಪಾಪತಿಗೆ ಅನ್ನಿಸಿತು. ಮೋಸವನ್ನು ಗುರುತಿಸುವುದರಲ್ಲಿ ಅವನಿಗೆ ಸಾಕಷ್ಟು ಅನುಭವವಿತ್ತು. ಆದರೆ ಅವಳ ಮುಖದಲ್ಲಿ ಮೋಸ ಮಾಡುವವರ ಹುರುಪು ಇರಲಿಲ್ಲ.

"ಮೊದಲನೇ ತುತ್ತು ನಂದು" ಎಂದಳು. "ಎಲ್ಲಾರ ಮುಂದ, ನಾ ಒಬ್ಬಾಕಿನs."

ಅದು ಸಂಘದ ಹಳೆಯ ರಿವಾಜು. ಮೊಟ್ಟೆ ತುಂಬಿದ ಮೀನು ಹಿಡಿದವನು, ಹೊತ್ತಲ್ಲದ ಹೊತ್ತಿನಲ್ಲಿ ಬಲೆ ಹಾಕಿದವನು, ಹೀಗೆ ಕೆರೆಗೆ ಕೆಡುಕು ಮಾಡಿದವರು, ಉಳಿದವರೆಲ್ಲ ಸುತ್ತ ಕೂತು ನೋಡುತ್ತಿರುವಾಗ ಮೊದಲ ತುತ್ತು ಒಬ್ಬರೇ ತಿನ್ನಬೇಕು. ದಂಡವಿಲ್ಲ, ಬೈಗುಳವಿಲ್ಲ. ಆದರೆ ಹಾಗೆ ತಿಂದವರ ಮಾತನ್ನು ಮುಂದೆ ಸಭೆಯಲ್ಲಿ ಯಾರೂ ಕೇಳುವುದಿಲ್ಲ. ಪಕ್ಕೀರವ್ವ ಕೈಯಾರೆ ತನ್ನ ಮಾತನ್ನು ಕಳೆದುಕೊಳ್ಳಲು ಹೊರಟಿದ್ದಳು.

"ನಿಂದೇನ ತಪ್ಪೈತಿ ದೊಡ್ಡವ್ವ" ಎಂದ ಪಂಪಾಪತಿ. ಅಷ್ಟೇ ಬಂತು.

"ನಂದಲ್ಲದ ನಿಂದೇನು?" ಎಂದು ಅವಳು ಹಲ್ಲಿನಿಂದ ದಾರ ಕಡಿದಳು. ಅವನು ಎದ್ದು ಬಂದ.

*

ಹದಿನೇಳರ ಮಧ್ಯಾಹ್ನ ಜಾಲಿಗಿಡದ ಕೆಳಗೆ ಒಲೆ ಹೂಡಿದ್ದರು. ಪಕ್ಕೀರವ್ವ ತಾನೇ ಒಂದನ್ನು ಹಿಡಿದು, ಮರದ ಕೊಡತಿಯಿಂದ ಒಂದೇ ಪೆಟ್ಟಿಗೆ ಮುಗಿಸಿದಳು. ಯಂಕವ್ವ ಅದನ್ನು ಇಡಿಯಾಗಿ ಕೆಂಡದಲ್ಲಿ ಸುಟ್ಟಳು. ಚಿಪ್ಪು ಸುಟ್ಟ ತೆಂಗಿನ ಕರಟದಂತೆ ಸೀಳಿ ಬಂತು. ಅಷ್ಟು ದೊಡ್ಡ ಮೀನಿನೊಳಗೆ ಸಿಕ್ಕಿದ್ದು ಎರಡು ಹಿಡಿ ಮಾಂಸ. ಉಳಿದದ್ದೆಲ್ಲ ತಲೆ, ಕವಚ, ಮತ್ತು ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡ ಕರುಳು. ಹೀಗೇ ಐದಾರು ಮೀನು ಸುಲಿದು, ಹುಣಸೆ ರಸ, ಕೆಂಪು ಖಾರ, ಬೆಳ್ಳುಳ್ಳಿ ಹಾಕಿ ಕುದಿಸಿದಳು.

ನೇತ್ರಾವತಿ ಬಂದವಳು ಬೋಗುಣಿಯೊಳಗೆ ಇಣುಕಿ, "ಇದನ್ನ ತಿನ್ನಬಹುದು ಅಂತ ನಾ ಬರದು ಕೊಡಾಕ ಆಗೂದಿಲ್ಲ, ಮೊದಲs ಹೇಳ್ತೀನಿ" ಎಂದಳು.

"ನೀ ಬರದ್ರೂ ನನಗ ಓದಾಕ ಬರೂದಿಲ್ಲ, ಕೂಡು" ಎಂದಳು ಪಕ್ಕೀರವ್ವ.

ಜನ ಅರ್ಧ ಚಕ್ರವಾಗಿ ಕೂತರು. ಪಕ್ಕೀರವ್ವನ ಮುಂದೆ ಸ್ಟೀಲಿನ ತಾಟು. ಅದರಲ್ಲಿ ಒಂದು ಜೋಳದ ರೊಟ್ಟಿ, ಪಕ್ಕಕ್ಕೆ ಸಾರು. ಅವಳು ಸೆರಗು ಸರಿಪಡಿಸಿಕೊಂಡು ರೊಟ್ಟಿ ಮುರಿದಳು. ಮೂವತ್ತು ನಲವತ್ತು ಜೊತೆ ಕಣ್ಣು ಆ ಕೈಯ ಮೇಲಿದ್ದವು. ಪಂಪಾಪತಿ ಅವಳ ಎದುರಿಗಿದ್ದ. ಅವಳ ಹೆಬ್ಬೆರಳಿನಲ್ಲಿ ಬಲೆಯ ದಾರ ಕೊಯ್ದ ಗೆರೆ ಕಾಣುತ್ತಿತ್ತು.

"ದೊಡ್ಡವ್ವ, ಆ ತಾಟು ಇಲ್ಲಿ ಕೊಡು" ಎಂದ ಅವನು. "ಮೊದಲನೇ ತುತ್ತು ನಂದು."

ಗುಂಪಿನಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. "ಭಾರಿ ದೊಡ್ಡ ಮನಸ್ಸು ಬಿಡ್ರಿ ಅಣ್ಣಾರ" ಎಂದ ದುರಗೇಶ. ಹೇಮಪ್ಪ, "ರಕ್ತ ಸಂಬಂಧ ಅಂದ್ರ ಹಿಂಗಿರಬೇಕು" ಎಂದು ಪಕ್ಕದವನ ತೊಡೆ ತಟ್ಟಿದ.

"ಅದಲ್ಲ. ಖರೇನs ಹೇಳಾಕತ್ತೀನಿ. ಈ ಮೀನ ಕೆರಿಗೆ ಬಿಟ್ಟಾಂವ ನಾನು."

"ಇರ್ಲಿ ಇರ್ಲಿ" ಎಂದರು ಯಾರೋ ಹಿಂದಿನಿಂದ. "ನೀವು ಹಂಗ ಅನ್ನೂದ ಬ್ಯಾಡ. ಮುದುಕಿ ಮ್ಯಾಲಿನ ಪ್ರೀತಿ ನಮಗ ತಿಳಿತೈತಿ."

ಪಂಪಾಪತಿಗೆ ಸಿಟ್ಟು ಬಂತು. ಹನ್ನೆರಡು ವರ್ಷ ಅವನು ಬರೆದ ಸುಳ್ಳಿಗೆಲ್ಲ ಕಣ್ಣುಮುಚ್ಚಿ ಸಹಿ ಹಾಕಿದ ಜನ, ಒಂದು ಸತ್ಯ ಹೇಳಿದರೆ ಚಪ್ಪಾಳೆ ತಟ್ಟುತ್ತಿದ್ದರು. ಅವನು ಎದ್ದು ನಿಂತ. "ಎರಡು ಮೀನ. ಗಂಗಾವತಿ ಅಂಗಡ್ಯಾಗ ತಂದದ್ದು. ನಮ್ಮ ರೂಪಾನ ಗಾಜಿನ ಪೆಟಗ್ಯಾಗ ಇದ್ದುವು. ದೊಡ್ಡವಾದುವು. ತೂಬಿನ ಬಾಜೂಕ, ಹಸರು ಬಕೆಟ್ಟಿನ್ಯಾಗ ತಂದು ಬಿಟ್ಟೀನಿ. ಎಂಟು ವರ್ಷಾತು."

ಗುಜುಗುಜು ನಿಂತಿತು. ಆದರೆ ಇನ್ನೂ ನಂಬಿರಲಿಲ್ಲ. ಎಲ್ಲರೂ ಒಲೆಯ ಕಡೆ ತಿರುಗಿದರು. ಯಂಕವ್ವ ಸೌಟನ್ನು ಬೋಗುಣಿಯ ಅಂಚಿಗೆ ತಟ್ಟಿ ಕೆಳಗಿಟ್ಟಳು.

"ಹೌದು. ಜ್ವಾಳದ ಚೀಲಕ್ಕ ಜಾಗ ಮಾಡ್ರಿ ಅಂದಾಕಿ ನಾನು" ಎಂದಳು. "ಏನ ಮಾಡಿದ್ರಿ ಅಂತ ಕೇಳಲಿಲ್ಲ. ಕೇಳಿದ್ರ ಹೇಳತಿದ್ರೋ ಇಲ್ಲೋ."

ಆಗ ನಂಬಿದರು. ನಂಬುತ್ತಲೇ ಜಾಲಿಗಿಡದ ಕೆಳಗಿನ ಗಾಳಿ ಬದಲಾಯಿತು. ಹೇಮಪ್ಪ ಪಕ್ಕದವನ ತೊಡೆಯ ಮೇಲಿದ್ದ ಕೈಯನ್ನು ನಿಧಾನವಾಗಿ ಹಿಂದೆ ತೆಗೆದುಕೊಂಡ.

"ಎಂಟು ವರ್ಷ ಆಂಧ್ರದ ಲಾರಿಗೆ ಬೈದೆ ನಾನು. ಆ ಡ್ರೈವರನ ಕೂಡ ಮಾತು ಬಿಟ್ಟೀನಿ" ಎಂದ. "ನನ್ನ ಮೂರು ಬಲಿ ಹೋದುವು."

"ನನಗೊತ್ತು."

"ಗೊತ್ತಿದ್ದು ಬರಕೊಂತ ಕುಂತಿದ್ದೀರಿ." ಹೇಮಪ್ಪ ನೇತ್ರಾವತಿಯ ಕಡೆ ತಿರುಗಿದ. "ಕಾರ್ಯದರ್ಶೀನ ಬ್ಯಾರೆ ಆರಿಸಬೇಕಂದ್ರ ಏನ ಬರೀಬೇಕ್ರಿ ಮೇಡಂ?"

"ಅದನ್ನ ಆಮ್ಯಾಲ ನೋಡೂನ್ರಿ" ಎಂದಳು ನೇತ್ರಾವತಿ. "ಹೊತ್ತ ಹೊಂಟೈತಿ."

ಮುರಿದ ರೊಟ್ಟಿಯ ತುಂಡು ಪಕ್ಕೀರವ್ವನ ಕೈಯಲ್ಲೇ ಇತ್ತು. ಅವಳು ಅದನ್ನು ತಾಟಿನಲ್ಲಿ ಇಟ್ಟು, ತಾಟನ್ನು ಪಂಪಾಪತಿಯ ಮುಂದಕ್ಕೆ ತಳ್ಳಿದಳು. ಅವನ ಮುಖ ನೋಡಲಿಲ್ಲ.

ಪಂಪಾಪತಿ ಕೂತು ತಿಂದ. ಹೇಸಿಗೆ ಬರುವಂತಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತೋ ಏನೋ. ಒಂದಿಷ್ಟು ಕೆಸರಿನ ವಾಸನೆ ಬಿಟ್ಟರೆ ಮೀನು ಮೀನಿನಂತೆಯೇ ಇತ್ತು. ಯಂಕವ್ವನ ಕೈಯ ಹುಳಿ ಎಂದಿನಂತೆ ಒಂದು ಕೈ ಹೆಚ್ಚಾಗಿತ್ತು. ಅವನು ನುಂಗಿದ ಮೇಲೆ ಪಕ್ಕೀರವ್ವ ತಾಟಿಗೆ ಕೈ ಹಾಕಿ ತನ್ನ ತುತ್ತು ತಿಂದಳು, ಹೇಮಪ್ಪ ತಿಂದ, ಮೂಗು ಮುಚ್ಚಿಕೊಂಡು ದುರಗೇಶ ತಿಂದ. ಬೋಗುಣಿ ಸುತ್ತು ಹಾಕಿ ಬರುವ ಹೊತ್ತಿಗೆ ಕರ್ಕಿಹಾಳದ ಕೆರೆಯಲ್ಲಿ ತಿನ್ನದ ಮೀನು ಎಂಬುದು ಉಳಿದಿರಲಿಲ್ಲ. ನೇತ್ರಾವತಿಗೂ ಯಂಕವ್ವ ಬಟ್ಟಲು ಹಿಡಿದಳು. ಅವಳು, "ನಂದು ಗುರುವಾರ" ಎಂದಳು.

ಎಳೆಬಲೆ ಮತ್ತೆ ನೀರಿಗಿಳಿಯಿತು. ಈ ಸಲ ಏರಿಯ ಮೇಲೆ ಗೋಣಿಚೀಲ ಕಾಣದಂತೆ ನೇತ್ರಾವತಿ ನಿಂತು ನೋಡಿಕೊಂಡಳು. ದುರಗೇಶನ ಕುಣಿ ಸೊಂಟದಷ್ಟು ಆಳವಾಗಿತ್ತು. ಪಕ್ಕದಲ್ಲಿ ಸುಣ್ಣದ ಚೀಲ. ಮೊದಲ ಬುಟ್ಟಿ ಬಂದು ಚಪ್ಪಡಿಕಲ್ಲಿನ ಹತ್ತಿರ ಸುರಿದಾಗ, ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು. ಹೇಮಪ್ಪ ಕೊಡತಿಯನ್ನು ತಂದು ಪಂಪಾಪತಿಯ ಕಾಲ ಬಳಿ ಇಟ್ಟು ಹೋದ.

ಪಂಪಾಪತಿ ಪ್ಯಾಂಟು ಮಡಚಿ, ಕನ್ನಡಕ ತೆಗೆದು ಕಿಸೆಗೆ ಹಾಕಿಕೊಂಡು, ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಒಂದು ಮೀನನ್ನು ಕಲ್ಲಿನ ಮೇಲಿಟ್ಟು ಹೊಡೆದ. ಕೊಡತಿ ಚಿಪ್ಪಿನ ಮೇಲೆ ಬಿದ್ದು ಟಣ್ಣೆಂದು ಜಾರಿತು. ಮೀನು ಬಾಲ ಬಡಿದು ಪಕ್ಕಕ್ಕೆ ಹೊರಳಿತು. ಮತ್ತೆ ಎಳೆದಿಟ್ಟು ಹೊಡೆದ. ಅದು ಸಾಯಲಿಲ್ಲ, ತಲೆಯಡಿಯ ಬಾಯಿ ತೆರೆದು ಮುಚ್ಚುತ್ತಿತ್ತು. ಹಿಂದೆ ನಿಂತವರಲ್ಲಿ ಯಾರೂ ನಗಲಿಲ್ಲ.

ಬಳೆಯ ಸಪ್ಪಳವಾಯಿತು. ಪಕ್ಕೀರವ್ವ ಕಲ್ಲಿನ ಆಚೆ ಬದಿಗೆ ಬಂದು ಕೂತಿದ್ದಳು. ಅವನ ಮಣಿಕಟ್ಟು ಹಿಡಿದು ಕೊಡತಿಯ ಮೂತಿಯನ್ನು ಒಂದು ಬೆರಳಿನಷ್ಟು ಮೇಲಕ್ಕೆ ಸರಿಸಿದಳು.

"ಇಲ್ಲಿ. ಕಣ್ಣಿನ ಹಿಂದ."

ಅವನು ಹೊಡೆದ. ಬಾಲ ಒಮ್ಮೆ ನಡುಗಿ ನಿಂತಿತು.

ಪಕ್ಕೀರವ್ವ ಸತ್ತದ್ದನ್ನು ಕುಣಿಯ ಕಡೆ ಸರಿಸಿ, ರಾಶಿಯಿಂದ ಮುಂದಿನದನ್ನು ಎಳೆದುಕೊಂಡಳು. ಅದರ ಎರಡೂ ಮುಳ್ಳುಗಳನ್ನು ಅಂಗೈಯಿಂದ ಒತ್ತಿ, ಕಲ್ಲಿಗೆ ಅಲುಗದಂತೆ ಹಿಡಿದು, ಅವನು ಕೊಡತಿ ಎತ್ತುವುದನ್ನು ಕಾಯುತ್ತ ಕೂತಳು.